ನೀರು ಇಳಿದಾಗ ಗುರುತು, ಏರಿದಾಗ ದಾರಿ

ಆಲಮಟ್ಟಿ ಹಿನ್ನೀರಿನಲ್ಲಿ ನಾವು ಕೂತಿದ್ದ ದೋಣಿ ಬಡಿದದ್ದು ಬಂಡೆಗಲ್ಲ, ಬಾವಿಯ ಕಟ್ಟೆಗೆ. ಆಗಸ್ಟ್ ತಿಂಗಳ ಸಂಜೆ, ಗಾಳಿ ಬಿಟ್ಟಿತ್ತು. ಕೆಳಗಿನಿಂದ ಗರ್ರನೆ ಉಜ್ಜಿದ ಸದ್ದು ಬಂದು ದೋಣಿ ಒಂದು ಮಗ್ಗುಲಿಗೆ ವಾಲಿ ನಿಂತಿತು. ದೋಣಿ ನಡೆಸುತ್ತಿದ್ದ ಕಾಕಾ ಹುಟ್ಟನ್ನು ನೀರಿಗಿಳಿಸಿ ತಡವಿ ನೋಡಿದರು.

‘ಬಾವಿರಿ ಸರ. ಸಣ್ಣಾಂವ ಇದ್ದಾಗ ಇದರ ನೀರು ಕುಡದೀನಿ.’

‘ಹಂಗಾರ ಮೊದಲ ಗೊತ್ತಿರಲಿಲ್ಲೇನು ಕಾಕಾ?’

‘ಐತಿ ಅಂತ ಗೊತ್ತಿತ್ರಿ. ನೀರು ತುಂಬಿದ ಮ್ಯಾಲ ಎಲ್ಲಿ ಐತಿ ಅಂತ ಹ್ಯಾಂಗ ಹೇಳೂದು?’

ಆಗ ನನ್ನ ಕೈಯಲ್ಲಿ ಜಿಪಿಎಸ್ ಇತ್ತು. ಅಂಗೈಯಲ್ಲಿ ಹಿಡಿಯುವ, ಎರಡು ಪೆನ್ಸಿಲ್ ಸೆಲ್ಲು ನುಂಗುವ, ಗುಂಡಿ ಒತ್ತಿ ನಡೆಸುವ ಹಳೆಯ ಯಂತ್ರ. ನಾವಿದ್ದ ಜಾಗವನ್ನು ಅದು ನಾಲ್ಕೈದು ಮೀಟರಿನ ಖಾತ್ರಿಯಲ್ಲಿ ತೋರಿಸುತ್ತಲೇ ಇತ್ತು. ಆದರೆ ಅದರ ನಕಾಶೆಯ ಪ್ರಕಾರ ನಾವು ನೀರಿನಲ್ಲೇ ಇರಲಿಲ್ಲ. ಹೊಳೆ ದೂರದಲ್ಲೆಲ್ಲೋ ನೀಲಿ ಎಳೆಯಂತೆ ಹರಿದಿತ್ತು, ನಾವು ಹೊಲದ ನಡುವೆ ದೋಣಿ ಹೊಡೆಯುತ್ತಿದ್ದೆವು! ಯಂತ್ರಕ್ಕೆ ಜಾಗ ಗೊತ್ತಿತ್ತು, ಜಮೀನು ಗೊತ್ತಿರಲಿಲ್ಲ. ಕಾಕಾಗೆ ಜಮೀನು ಗೊತ್ತಿತ್ತು, ಜಾಗ ಸಿಗುತ್ತಿರಲಿಲ್ಲ. ಈ ಎರಡನ್ನೂ ಕೂಡಿಸುವುದು ಹೇಗೆ ಎಂಬುದೇ ಈ ಲೇಖನ.

ಫೋನ್ ಇರುವಾಗ ಇದೇಕೆ?

ನಮ್ಮ ಕೆರೂರ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ‘ಮೊಬೈಲಿನ್ಯಾಗ ಮ್ಯಾಪ್ ಐತಲ್ರಿ’ ಎನ್ನುತ್ತಾರೆ. ಸರಿಯೇ. ಡಾಂಬರು ರಸ್ತೆಯಲ್ಲಿ ಕಾರು ಓಡಿಸುವವರಿಗೆ ಫೋನ್ ಸಾಕು, ಅಷ್ಟಕ್ಕಾಗಿ ಬೇರೆ ಯಂತ್ರ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಒಂದು ತಪ್ಪು ತಿಳಿವಳಿಕೆ ಮಾತ್ರ ಬಿಡಬೇಕು. ಟವರ್ ಸಿಗದಿದ್ದರೆ ಫೋನಿನ ಜಿಪಿಎಸ್ ಸತ್ತುಹೋಗುವುದಿಲ್ಲ. ಅದಕ್ಕೆ ಸಂಕೇತ ಬರುವುದು ಆಕಾಶದಿಂದ, ಊರ ಟವರಿನಿಂದಲ್ಲ. ನಿಂತುಹೋಗುವುದು ಇಂಟರ್ನೆಟ್ಟಿನಿಂದ ಬರುವ ನಕಾಶೆ. ಜಿಲ್ಲೆಯ ನಕಾಶೆಯನ್ನು ಮೊದಲೇ ಮನೆಯಲ್ಲಿ ಇಳಿಸಿಟ್ಟುಕೊಂಡರೆ ಬಾದಾಮಿಯ ಗುಡ್ಡದ ಹಿಂದೆಯೂ ಫೋನು ದಾರಿ ತೋರಿಸುತ್ತದೆ.

ದೋಣಿಯಲ್ಲಿ ಮಾತ್ರ ಫೋನು ಸೋಲುತ್ತದೆ. ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ. ನಡುಹಗಲ ಬಿಸಿಲಿನಲ್ಲಿ ನಿಮ್ಮ ಮುಖವಷ್ಟೇ ಅದರಲ್ಲಿ ಕಾಣುತ್ತದೆ. ಮೂರು ತಾಸು ನಕಾಶೆ ತೆರೆದಿಟ್ಟರೆ ಬ್ಯಾಟರಿ ಅರ್ಧಕ್ಕೆ ಇಳಿದಿರುತ್ತದೆ. ಕೈ ಜಿಪಿಎಸ್‌ನ ಪರದೆ ಬಿಸಿಲು ಬಿದ್ದಷ್ಟೂ ನಿಚ್ಚಳ, ಎರಡು ಸೆಲ್ಲಿನಲ್ಲಿ ಇಪ್ಪತ್ತು ತಾಸು ಓಡುತ್ತದೆ, ಸೆಲ್ಲು ತೀರಿದರೆ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಮೀನು ಹಿಡಿಯುವವರು, ಹಕ್ಕಿ ನೋಡುವವರು, ಗುಡ್ಡ ಹತ್ತುವವರು, ಹಳೆಯ ಶಾಸನ ಹುಡುಕಿಕೊಂಡು ಹೊಲ ಸುತ್ತುವವರು ಇಟ್ಟುಕೊಳ್ಳಬೇಕಾದ ಸಾಮಾನು ಇದು.

ಇದು ಕೇಳುವ ಯಂತ್ರ, ಹೇಳುವ ಯಂತ್ರವಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಸಾರುತ್ತಿರುತ್ತವೆ. ಆ ಸುದ್ದಿ ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಎಂಬುದರಿಂದ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೆ ಲೆಕ್ಕ 300 ಮೀಟರ್ ತಪ್ಪುತ್ತದೆ. ನಮ್ಮ ಕೈಯ ಯಂತ್ರದ ಗಡಿಯಾರ ಅಷ್ಟು ನಿಖರವಲ್ಲವಾದ್ದರಿಂದ, ಜಾಗಕ್ಕೆ ಮೂರು ಉಪಗ್ರಹ ಸಾಲುವಲ್ಲಿ, ಗಡಿಯಾರ ತಿದ್ದಿಕೊಳ್ಳಲು ನಾಲ್ಕನೆಯದೂ ಬೇಕು. 2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕೆಂದೇ ನೂರು ಮೀಟರಿನಷ್ಟು ತಪ್ಪು ಬೆರೆಸುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಇದು ನಮ್ಮಂಥವರಿಗೆ ಉಪಯೋಗಕ್ಕೆ ಬಂದದ್ದು. ಪರರ ಉಪಗ್ರಹವನ್ನೇ ನಂಬಿ ಕೂರಬಾರದೆಂದು ಇಸ್ರೋ 2013ರಿಂದ ನಾವಿಕ್ ಉಪಗ್ರಹಗಳನ್ನು ಹಾರಿಸಿತು. ಅದರ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಜಿಪಿಎಸ್‌ನ ತಪ್ಪನ್ನು ತಿದ್ದಿ ಹೇಳುವ ಗಗನ್ ಎಂಬ ವ್ಯವಸ್ಥೆಯೂ ನಮ್ಮದಿದೆ. ಯಂತ್ರದ ಸೆಟ್ಟಿಂಗ್‌ನಲ್ಲಿ ‘ವಾಸ್’ ಅಥವಾ ‘ಎಸ್‌ಬಿಎಎಸ್’ ಎಂಬ ಆಯ್ಕೆ ಕಂಡರೆ ಆನ್ ಮಾಡಿ.

ಕೇಳುವ ಯಂತ್ರ ಎಂದದ್ದಕ್ಕೆ ಕಾರಣವಿದೆ. ‘ಜಿಪಿಎಸ್ ಐತಿ, ಕಳದ್ರ ಹುಡುಕತಾರ’ ಎಂಬ ಧೈರ್ಯ ಅನೇಕರಿಗೆ. ನೀವು ಎಲ್ಲಿದ್ದೀರಿ ಎಂಬುದು ನಿಮಗಷ್ಟೇ ಗೊತ್ತಾಗುತ್ತದೆ, ದಂಡೆಯಲ್ಲಿರುವವರಿಗಲ್ಲ. ಮಲ್ಪೆಯ ಆಳಸಮುದ್ರದ ಬೋಟುಗಳಲ್ಲಿ ಜಿಪಿಎಸ್ ಬಂದು ವರ್ಷಗಳಾದವು. ಆದರೂ 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರೊಂದಿಗೆ ಕಾಣೆಯಾದ ‘ಸುವರ್ಣ ತ್ರಿಭುಜ’ದ ಅವಶೇಷ ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲ ತಳದಲ್ಲಿ ಪತ್ತೆಯಾಗಲು ಮುಂದಿನ ಮೇ ತಿಂಗಳು ಬರಬೇಕಾಯಿತು. ಹಿನ್ನೀರಿಗೆ ಇಳಿಯುವ ಮುನ್ನ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಮನೆಯಲ್ಲಿ ಹೇಳಿ ಹೋಗಬೇಕು.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಯಂತ್ರಗಳೂ ಹೊರದೇಶದಲ್ಲಿ ಸಿಗುತ್ತವೆ. ಅಮೆರಿಕದಲ್ಲಿರುವ ಅಳಿಯ ಪ್ರೀತಿಯಿಂದ ತಂದುಕೊಟ್ಟಾನು. ಬೇಡ ಎನ್ನಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನನ್ನಾಗಲಿ ಇಂಥ ಯಂತ್ರವನ್ನಾಗಲಿ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ಪೊಲೀಸ್ ಠಾಣೆ ಕಂಡವರಿದ್ದಾರೆ. ಬರೀ ಕೇಳುವ ಜಿಪಿಎಸ್‌ಗೆ ಈ ತಕರಾರಿಲ್ಲ.

ಅಂಕಿ ಓದುವುದರಲ್ಲೇ ಅರ್ಧ ವಿದ್ಯೆ

ಹೊಸ ಯಂತ್ರವನ್ನು ಮೊದಲ ದಿನ ಬಯಲಿನಲ್ಲಿ ಕಾಲು ತಾಸು ಸುಮ್ಮನೆ ಇಟ್ಟುಬಿಡಿ. ಯಾವ ಉಪಗ್ರಹ ಎಲ್ಲಿದೆ ಎಂಬ ಪೂರ್ತಿ ಪಂಚಾಂಗ ಇಳಿದು ಬರಲು ಹನ್ನೆರಡೂವರೆ ನಿಮಿಷ ಬೇಕು. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಯಂತ್ರಕ್ಕೂ ಇದೇ ಉಪಚಾರ. ಹೊರಡುವ ಗಡಿಬಿಡಿಯಲ್ಲಿ ಆನ್ ಮಾಡಿ ‘ಇದು ಕೆಟ್ಟೈತಿ’ ಎಂದು ಬೈಯುವವರೇ ಹೆಚ್ಚು.

ಆಮೇಲೆ ಅಂಕಿಯ ರೂಪ ನೋಡಿ. ಒಂದೇ ಜಾಗವನ್ನು ಮೂರು ಬಗೆಯಲ್ಲಿ ಬರೆಯಬಹುದು. ಬರೀ ಡಿಗ್ರಿಯ ದಶಾಂಶ ಒಂದು, ಡಿಗ್ರಿ ಮತ್ತು ಮಿನಿಟಿನ ದಶಾಂಶ ಇನ್ನೊಂದು, ಡಿಗ್ರಿ-ಮಿನಿಟು-ಸೆಕೆಂಡು ಮತ್ತೊಂದು. ಎಡವುವುದು ಇಲ್ಲಿಯೇ. ಗೆಳೆಯರೊಬ್ಬರು ಫೋನಿನಲ್ಲಿ ‘ಹದಿನಾರು ಡಿಗ್ರಿ, ಒಂದು ಪಾಯಿಂಟ್ ಐದು ಸೊನ್ನೆ ಮಿನಿಟು’ ಎಂದರು ಎನ್ನಿ. ಅದು ಒಂದೂವರೆ ಮಿನಿಟು, ಅಂದರೆ 1 ಮಿನಿಟು 30 ಸೆಕೆಂಡು. ನೀವು ಅದನ್ನು 1 ಮಿನಿಟು 50 ಸೆಕೆಂಡು ಎಂದು ಹಾಕಿಕೊಂಡರೆ? ಅಕ್ಷಾಂಶದ ಒಂದು ಸೆಕೆಂಡೆಂದರೆ ಹತ್ತಿರ ಹತ್ತಿರ 31 ಮೀಟರ್, ಇಪ್ಪತ್ತು ಸೆಕೆಂಡಿಗೆ 600 ಮೀಟರಿಗೂ ಮಿಕ್ಕಿ ತಪ್ಪಿತು. ರಸ್ತೆಯಲ್ಲಾದರೆ ಪಕ್ಕದ ಓಣಿ ಕೇಳಿಕೊಂಡು ಹೋಗಬಹುದು. ನಟ್ಟನಡು ನೀರಿನಲ್ಲಿ ಯಾರನ್ನು ಕೇಳುವುದು? ಜೊತೆಗಾರರೆಲ್ಲ ಒಂದೇ ರೂಪ ಇಟ್ಟುಕೊಳ್ಳಿ. ನಾನು ಬರೀ ಡಿಗ್ರಿಯ ದಶಾಂಶವನ್ನೇ ಇಟ್ಟಿದ್ದೇನೆ, ಫೋನೂ ಅದನ್ನೇ ತೋರಿಸುತ್ತದೆ. ಕರಾವಳಿಯ ಬೋಟಿನವರು ಮಿನಿಟಿನಲ್ಲಿ ಮಾತಾಡುತ್ತಾರೆ. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲು, ಅಂದರೆ 1,852 ಮೀಟರ್ ಆಗುವುದರಿಂದ ಅವರಿಗೆ ಅದು ಸಲೀಸು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಡಲ ಮೀನುಗಾರರಿಗೆ ಕೊಡುವ ಮೀನು ಸಿಗುವ ತಾಣಗಳ ಸೂಚನೆಯೂ ಅಕ್ಷಾಂಶ-ರೇಖಾಂಶದಲ್ಲೇ ಬರುತ್ತದೆ. ಹಿನ್ನೀರಿನಲ್ಲಿ ನಮಗೆ ಕಿಲೋಮೀಟರೇ ಇರಲಿ.

ಸೆಟ್ಟಿಂಗ್‌ನಲ್ಲಿ ಡೇಟಮ್ ಎಂಬುದೂ ಇದೆ. ‘ಡಬ್ಲ್ಯೂಜಿಎಸ್ 84’ ಎಂದಿದ್ದರೆ ಮುಟ್ಟಬೇಡಿ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಟೋಪೋಶೀಟಿನಿಂದ ಅಂಕಿ ಎತ್ತಿ ಹಾಕುವವರು ಮಾತ್ರ ಹುಷಾರಾಗಿರಬೇಕು. ಅವು ಎವರೆಸ್ಟ್ ಎಂಬ ಹಳೆಯ ಅಳತೆಗೆ ಕಟ್ಟಿದವು, ನೇರ ಹಾಕಿದರೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಹೆಚ್ಚು ಸರಿದುಹೋಗುತ್ತದೆ.

ಟೋಪೋಶೀಟಿನ ಮಾತು ಬಂತೆಂದು ಹೇಳುತ್ತೇನೆ, ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಮೋಜಿನ ಜಾಗವಿದೆ. 16 ಡಿಗ್ರಿ ಉತ್ತರದ ಗೆರೆ ಕೆರೂರಿನ ಆಸುಪಾಸಿನಲ್ಲೇ ಹಾದು ಪೂರ್ವಕ್ಕೆ ಹೋಗುತ್ತದೆ. 76 ಡಿಗ್ರಿ ಪೂರ್ವದ ಗೆರೆ ಹುನಗುಂದದ ಪಶ್ಚಿಮಕ್ಕೆ ಇಳಿಯುತ್ತದೆ. ಐಹೊಳೆಯಿಂದ ಇಳಕಲ್ಲಿಗೆ ನೇರ ಒಂದು ದಾರ ಹಿಡಿದರೆ ಹೆಚ್ಚೂಕಡಿಮೆ ಅದರ ನಡುವಿನಲ್ಲಿ ಈ ಎರಡು ಗೆರೆ ಕೂಡುತ್ತವೆ. 47ಪಿ, 48ಎಂ, 56ಡಿ, 57ಎ ಎಂಬ ನಾಲ್ಕು ಹಳೆಯ ನಕಾಶೆಗಳ ಮೂಲೆ ಸೇರುವುದು ಅಲ್ಲೇ. ಜಿಪಿಎಸ್ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಇಳಕಲ್ಲಿಗೆ ಸೀರೆ ತರಲು ಹೋದಾಗ ಒಂದು ತಾಸು ತೆಗೆದಿಡಿ. ಹೊಲದ ಯಜಮಾನರನ್ನು ಕೇಳಿಕೊಂಡು, ಬೆಳೆ ತುಳಿಯದೆ, ಎರಡೂ ಅಂಕಿಗಳ ಬಾಲದಲ್ಲಿ ಬರೀ ಸೊನ್ನೆ ಬರುವವರೆಗೆ ನಡೆಯಿರಿ. ಉತ್ತರಕ್ಕೆ ಹೆಜ್ಜೆ ಇಟ್ಟರೆ ಯಾವ ಅಂಕಿ ಏರುತ್ತದೆ, ಪೂರ್ವಕ್ಕೆ ಸರಿದರೆ ಯಾವುದು ಏರುತ್ತದೆ ಎಂಬುದು ಕಾಲಿಗೇ ಗೊತ್ತಾಗುತ್ತದೆ. ದಶಾಂಶದ ಐದನೆಯ ಸ್ಥಾನದ ಅಂಕಿ ಒಂದು ಏರಿದರೆ ನೀವು ಒಂದು ಮೀಟರಿನಷ್ಟು ಸರಿದಿರಿ ಎಂದು ಅರ್ಥ. ನಿಂತಲ್ಲೇ ನಿಂತರೂ ಆ ಅಂಕಿ ಕುಣಿಯುತ್ತಿರುತ್ತದೆ. ಯಂತ್ರವನ್ನು ಎಷ್ಟು ನಂಬಬೇಕು ಎಂಬುದನ್ನು ಆ ಕುಣಿತವೇ ಹೇಳಿಕೊಡುತ್ತದೆ.

ಹೆಚ್ಚು ಕುಣಿಯುವುದನ್ನು ನೋಡಬೇಕೆಂದರೆ ಬಾದಾಮಿಗೆ ಬನ್ನಿ. ಅಗಸ್ತ್ಯತೀರ್ಥದ ದಂಡೆಯಲ್ಲಿ ಸರಿಯಾಗಿಯೇ ಇದ್ದ ಯಂತ್ರ ಗುಹೆಗಳ ಕೆಳಗಿನ ಕೆಂಪು ಬಂಡೆಗೆ ಒತ್ತಿ ನಿಂತೊಡನೆ ಹತ್ತಾರು ಮೀಟರ್ ಆಚೀಚೆ ಜಿಗಿಯತೊಡಗುತ್ತದೆ. ಅರ್ಧ ಆಕಾಶವನ್ನು ಬಂಡೆ ನುಂಗಿರುತ್ತದೆ, ಉಳಿದ ಉಪಗ್ರಹಗಳ ಸಂಕೇತವೂ ಬಂಡೆಗೆ ಬಡಿದು ಸುತ್ತುಬಳಸಿ ಬರುತ್ತದೆ. ಇಂಥ ಕಡೆ ಗುರುತು ಹಾಕಬೇಡಿ, ಐವತ್ತು ಹೆಜ್ಜೆ ಬಯಲಿಗೆ ಬಂದು ಹಾಕಿ.

ರಸ್ತೆಯ ಮೇಲೆ

ರಸ್ತೆಯ ವಿಚಾರ ಬೇಗ ಮುಗಿಸುತ್ತೇನೆ. ಮೊದಲ ತೊಡಕು ಹೆಸರಿನದು. ಕೆರೂರ ಎಂಬ ಊರು ಬಾದಾಮಿ ತಾಲೂಕಿನಲ್ಲಷ್ಟೇ ಇಲ್ಲ, ಚಿಕ್ಕೋಡಿ ಕಡೆಯೂ ಒಂದಿದೆ. ನಮ್ಮ ಮನೆಯ ಲಗ್ನಕ್ಕೆ ಪುಣೆಯಿಂದ ಹೊರಟ ಬೀಗರ ಗಾಡಿ ಬೆಳಗಾವಿ ಜಿಲ್ಲೆಯ ಆ ಕೆರೂರಿಗೆ ಹೋಗಿ ‘ಮಂಟಪ ಎಲ್ಲಿ’ ಎಂದು ಫೋನ್ ಮಾಡಿತ್ತು. ಅಕ್ಷತೆ ಬಿದ್ದು ಊಟದ ಎರಡನೆಯ ಪಂಕ್ತಿ ಏಳುವಾಗ ಬಂದರು. ಹುಡುಕಿದ ಹೆಸರಿನ ಕೆಳಗೆ ತಾಲೂಕು, ಜಿಲ್ಲೆ ಯಾವುದಿದೆ ನೋಡದೆ ‘ಗೋ’ ಒತ್ತಬೇಡಿ. ಸಾಧ್ಯವಾದರೆ ಹೆಸರಿನ ಬದಲು ಅಂಕಿಯನ್ನೇ ಕಳಿಸಿ. ನಮ್ಮ ಊರುಗಳ ಇಂಗ್ಲಿಷ್ ಕಾಗುಣಿತಕ್ಕೆ ತಳಬುಡವಿಲ್ಲ. ಇಳಕಲ್, ಹುನಗುಂದ, ಪಟ್ಟದಕಲ್ಲು, ಗುಳೇದಗುಡ್ಡ ಒಂದೊಂದನ್ನೂ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಪೂರ್ತಿ ಹೆಸರು ಹೊಡೆಯುವುದಕ್ಕಿಂತ ಮೊದಲ ನಾಲ್ಕು ಅಕ್ಷರ ಹೊಡೆದು ಪಟ್ಟಿಯಲ್ಲಿ ಹುಡುಕುವುದು ವಾಸಿ.

ಎರಡನೆಯದು ನೇರ ಗೆರೆ. ರಸ್ತೆಯ ನಕಾಶೆ ಇಲ್ಲದ ಕೈ ಜಿಪಿಎಸ್ ಹಕ್ಕಿ ಹಾರುವ ದೂರವನ್ನು ಹೇಳುತ್ತದೆ. ಬಾದಾಮಿಯಿಂದ ಮಹಾಕೂಟಕ್ಕೆ ಐದು ಕಿ.ಮೀ. ಒಳಗೇ ಎಂದು ಅದು ತೋರಿಸಿದರೆ ಸುಳ್ಳಲ್ಲ, ಆದರೆ ನಡುವೆ ಗುಡ್ಡವಿದೆ. ನಡೆದು ಹೋಗುವವರಿಗೆ ಗುಡ್ಡದ ಮೇಲಿನ ಹಳೆಯ ಕಾಲುದಾರಿ ಇದೆ, ಗಾಡಿಯವರು ಬಳಸಿಯೇ ಹೋಗಬೇಕು. ರಸ್ತೆಯ ನಕಾಶೆ ಇರುವ ಯಂತ್ರದಲ್ಲಿ ‘ಹತ್ತಿರದ ದಾರಿ’ ಬೇಡ, ‘ಬೇಗ ಮುಟ್ಟುವ ದಾರಿ’ ಇರಲಿ. ಕಚ್ಚಾ ರಸ್ತೆ ತಪ್ಪಿಸುವ ಆಯ್ಕೆಯನ್ನೂ ಆನ್ ಮಾಡಿ. ಬೇಸಿಗೆಯಲ್ಲಿ ಜಬರದಸ್ತ್ ದಾರಿಯಾಗಿದ್ದ ಎರಿ ಹೊಲದ ಬಂಡಿಜಾಡು ಒಂದು ಅಡ್ಡಮಳೆಗೆ ಚಕ್ರವನ್ನು ಅಚ್ಚಿನವರೆಗೆ ನುಂಗುತ್ತದೆ, ಆಮೇಲೆ ಟ್ರ್ಯಾಕ್ಟರ್ ಬಂದೇ ಎಳೆಯಬೇಕು.

ಹೊಳೆ ಬಂದಾಗ ಯಂತ್ರದ ಮಾತು ಬಿಟ್ಟುಬಿಡಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದ್ದಳು, ಕೊಣ್ಣೂರ ಕಡೆ ಹುಬ್ಬಳ್ಳಿ ಹೆದ್ದಾರಿಯ ಸಂಚಾರವೂ ನಿಂತಿತ್ತು. ಕೈ ಜಿಪಿಎಸ್‌ನ ನಕಾಶೆಯಲ್ಲಿ ಸೇತುವೆ ಆಗಲೂ ಇತ್ತು. ಇನ್ನೊಂದು ಮಾತು, ಓಡಿಸುವವರು ಗುಂಡಿ ಒತ್ತಬಾರದು. ಪಕ್ಕದಲ್ಲಿ ಕೂತವರಿಗೆ ಕೊಡಿ.

ನೀರಿನ ಮೇಲೆ

ಮುಟ್ಟಬೇಕಾದ ಜಾಗ ಆರಿಸಿ ‘ಗೋ-ಟು’ ಒತ್ತಿದರೆ ಪರದೆಯ ಬಾಣ ಗುರಿಯತ್ತ ತಿರುಗುತ್ತದೆ. ದಿಕ್ಸೂಚಿ ಇಲ್ಲದ ಅಗ್ಗದ ಯಂತ್ರದಲ್ಲಿ ದೋಣಿ ನಿಂತಾಗ ಬಾಣ ಹುಚ್ಚೆದ್ದು ಗಿರಗಿರನೆ ಸುತ್ತುತ್ತದೆ. ನಡೆದರೆ ಮಾತ್ರ ಅದಕ್ಕೆ ದಿಕ್ಕು ತಿಳಿಯುವುದು. ಹತ್ತು ಹುಟ್ಟು ಹಾಕಿ ನೋಡಿ, ಸುಮ್ಮನಾಗುತ್ತದೆ.

ಬಾಣವನ್ನಷ್ಟೇ ನೋಡಿದರೆ ಸಾಲದು. ಆಷಾಢ-ಶ್ರಾವಣದ ಪಡುವಣ ಗಾಳಿ ದೋಣಿಯನ್ನು ಪೂರ್ವಕ್ಕೆ ನೂಕುತ್ತಿರುತ್ತದೆ. ಮೂತಿ ಗುರಿಯತ್ತಲೇ ಇರುತ್ತದೆ, ದೋಣಿ ಮಾತ್ರ ಏಡಿಯಂತೆ ಅಡ್ಡ ಸರಿಯುತ್ತದೆ. ಅದಕ್ಕೆ ಪರದೆಯಲ್ಲಿ ಎರಡು ಅಂಕಿ ಅಕ್ಕಪಕ್ಕ ಇಟ್ಟುಕೊಳ್ಳಿ. ಬೇರಿಂಗ್ ಎಂಬುದು ಗುರಿ ಇರುವ ದಿಕ್ಕು, ಕೋರ್ಸ್ ಎಂಬುದು ದೋಣಿ ನಿಜವಾಗಿ ಸಾಗುತ್ತಿರುವ ದಿಕ್ಕು. ಬೇರಿಂಗ್ 20, ಕೋರ್ಸ್ 35 ಎಂದಿದ್ದರೆ ಗಾಳಿ ನಿಮ್ಮನ್ನು ಬಲಕ್ಕೆ ಒಯ್ಯುತ್ತಿದೆ ಎಂದಾಯಿತು. ಮೂತಿಯನ್ನು ಎಡಕ್ಕೆ, ಗಾಳಿಯ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎರಡು ಅಂಕಿ ಕೂಡುವಂತೆ ಮಾಡಿ. ಇದನ್ನು ಕಡೆಗಣಿಸಿ ಹತ್ತು ಡಿಗ್ರಿ ತಪ್ಪಿ ಹೋದರೆ ಒಂದು ಕಿ.ಮೀ. ಸಾಗುವಷ್ಟರಲ್ಲಿ 170 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಬಾವಿಯ ಕಟ್ಟೆ ಇರುವುದು ಆ 170 ಮೀಟರಿನಲ್ಲೇ.

ಹೊರಡುವಾಗಲೇ ಟ್ರ್ಯಾಕ್ ಆನ್ ಮಾಡಿ. ಹೋದ ದಾರಿಯನ್ನು ಯಂತ್ರ ಗೆರೆಯಾಗಿ ಬರೆದುಕೊಳ್ಳುತ್ತದೆ. ಕತ್ತಲಾದರೆ, ಮಂಜು ಕವಿದರೆ ಅದೇ ಗೆರೆ ಹಿಡಿದು ಹಿಂದಿರುಗಿ. ಸಲೀಸಾಗಿ ಹೋದ ನೀರಿನಲ್ಲೇ ಬರುವುದರಿಂದ ಅಡಿಯಲ್ಲಿ ಏನಿದೆಯೋ ಎಂಬ ಅಳುಕಿಲ್ಲ. ಈ ಯಂತ್ರದಲ್ಲಿ ಒಂದೇ ಒಂದು ಸೌಲಭ್ಯ ಉಳಿಸಿಕೊಳ್ಳಿ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ.

ಇನ್ನು ನಕಾಶೆಯ ಮಾತು. ಹಿನ್ನೀರಿನ ದಂಡೆ ಜನವರಿಯಲ್ಲಿ ಇದ್ದಲ್ಲಿ ಮೇ ತಿಂಗಳಲ್ಲಿ ಇರುವುದಿಲ್ಲ. ಆಲಮಟ್ಟಿ ತುಂಬಿದಾಗ ನೀರಿನ ಮಟ್ಟ 519.60 ಮೀಟರ್. ಆಗ ಕೃಷ್ಣೆಯಲ್ಲೂ ಘಟಪ್ರಭೆಯಲ್ಲೂ ಹಿಂದಕ್ಕೆ ಚಾಚಿದ ನೀರು ಹಳೆಯ ಬಾಗಲಕೋಟೆಯ ಓಣಿಗಳವರೆಗೆ ಬರುತ್ತದೆ. ಬೇಸಿಗೆಯಲ್ಲಿ ಅದೇ ನೀರು ಸರಿದು ಮುಳುಗಿದ ಊರುಗಳ ಗೋಡೆ, ಗುಡಿಯ ಕಲ್ಲು, ಒಣಗಿ ನಿಂತ ಜಾಲಿಯ ಬೊಡ್ಡೆ, ಬಾವಿಯ ಕಟ್ಟೆ ಎಲ್ಲ ಮೇಲೆದ್ದು ನಿಲ್ಲುತ್ತವೆ. ಯಾವ ಕಂಪನಿಯ ನಕಾಶೆಯಲ್ಲೂ ಇವು ಇರುವುದಿಲ್ಲ. ಇವನ್ನು ನೀವೇ ಹಾಕಿಕೊಳ್ಳಬೇಕು.

ಆ ಆಗಸ್ಟ್ ಆದ ಮೇಲಿನ ಬೇಸಿಗೆಯಲ್ಲಿ ಕಾಕಾನನ್ನು ಕರೆದುಕೊಂಡು ಎರಡು ಮುಂಜಾನೆ ಆ ಬಯಲಿನಲ್ಲಿ ನಡೆದೆ. ಅವರು ತೋರಿಸುತ್ತ ಹೋದರು, ನಾನು ಗುರುತು ಹಾಕುತ್ತ ಹೋದೆ. ಯಂತ್ರ ಇದನ್ನು ವೇಪಾಯಿಂಟ್ ಎನ್ನುತ್ತದೆ. ನಮಗೆ ಬಡಿದ ಬಾವಿ ಸಿಕ್ಕಿತು. ಕಟ್ಟೆಯ ಒಂದು ಕಲ್ಲಿನ ಮೇಲೆ ದೋಣಿ ಉಜ್ಜಿದ ಕಪ್ಪು ಗೆರೆ ಹಾಗೇ ಇತ್ತು. ಕಾಕಾ ಅದರ ಮೇಲೆ ಕೂತು ಬೀಡಿ ಹಚ್ಚಿದರು. ನಾನು ಯಂತ್ರವನ್ನು ಕಟ್ಟೆಯ ಮೇಲಿಟ್ಟು ಐದು ನಿಮಿಷ ಸರಾಸರಿ ತೆಗೆಯಲು ಬಿಟ್ಟೆ. ಹಲವು ಯಂತ್ರಗಳಲ್ಲಿ ಈ ಸೌಲಭ್ಯವಿದೆ. ಮರುದಿನ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ತೆಗೆದರೆ ಗುರುತು ಇನ್ನೂ ಗಟ್ಟಿಯಾಗುತ್ತದೆ. ಎರಡು ಮುಂಜಾನೆಯಲ್ಲಿ ನಲವತ್ತಕ್ಕೂ ಹೆಚ್ಚು ಗುರುತಾದವು. ಯಂತ್ರ ತಾನೇ ಕೊಡುವ 001, 002 ಎಂಬ ಹೆಸರನ್ನು ಹಾಗೇ ಬಿಡಬೇಡಿ. ತಿಂಗಳಾದ ಮೇಲೆ 017 ಬಾವಿಯೋ ಬೊಡ್ಡೆಯೋ ಯಾರಿಗೆ ನೆನಪು? ಬಾವಿಗೆ ಒಂದು ಅಕ್ಷರ, ಗೋಡೆಗೆ ಒಂದು, ಬೊಡ್ಡೆಗೆ ಒಂದು ಎಂದು ನೇಮಿಸಿಕೊಂಡು ಮುಂದೆ ಸಂಖ್ಯೆ ಹಾಕಿ. ಪೂರ್ತಿ ವಿವರ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ಯಂತ್ರ ನೀರಿಗೆ ಬಿದ್ದರೂ ನೋಟುಬುಕ್ಕು ಮನೆಯಲ್ಲಿರುತ್ತದೆ.

ಆ ನೋಟುಬುಕ್ಕಿನಲ್ಲಿ ಇನ್ನೊಂದು ಕಾಲಂ ಬೇಕು. ಇದು ಕಾಕಾ ಹೇಳಿಕೊಟ್ಟ ಉಪಾಯ. ಮಳೆಗಾಲದಲ್ಲಿ ಆಲಮಟ್ಟಿಯ ಮಟ್ಟ ಪೇಪರಿನಲ್ಲಿ ದಿನಾ ಬರುತ್ತದೆ. ನೀರು ಏರುವ ದಿನಗಳಲ್ಲಿ ದಂಡೆಗೆ ಹೋಗಿ, ಯಾವ ಗುರುತು ಯಾವ ದಿನ ಮುಳುಗಿತೆಂದು ನೋಡಿ, ಆ ದಿನದ ಮಟ್ಟವನ್ನು ಅದರ ಎದುರು ಬರೆಯಿರಿ. ಬಾವಿಯ ಎದುರು ಒಂದು ಅಂಕಿ ಬಂತಲ್ಲ, ಮುಂದಿನ ವರ್ಷ ಅದೇ ನಿಮ್ಮ ಪಂಚಾಂಗ. ಮಟ್ಟ ಅದಕ್ಕಿಂತ ಕೆಳಗಿದ್ದರೆ ಕಟ್ಟೆ ಕಣ್ಣಿಗೇ ಕಾಣುತ್ತದೆ. ಮೂರು ಮೀಟರ್ ಮೇಲಿದ್ದರೆ ಸಣ್ಣ ದೋಣಿ ನಿಶ್ಚಿಂತೆಯಾಗಿ ದಾಟಬಹುದು. ನಡುವಿನ ಒಂದೆರಡು ಮೀಟರಿನ ದಿನಗಳೇ ಮೋಸದವು. ಮೇಲಿನಿಂದ ದೊಡ್ಡ ಪ್ರವಾಹ ಬರುತ್ತಿರುವಾಗ ಮಾತ್ರ ಈ ಲೆಕ್ಕ ನಡೆಯದು. ಆಗ ಅಣೆಕಟ್ಟೆಯ ಹತ್ತಿರದ ಮಟ್ಟವೇ ಬೇರೆ, ಹಿಂದಿನ ನೀರಿನ ಮಟ್ಟವೇ ಬೇರೆ. ಅಂಥ ದಿನ ನೀರಿಗೆ ಇಳಿಯಲೇಬಾರದು.

ಗುರುತು ಹಾಕಿದ ಮೇಲೆ ಪ್ರಾಕ್ಸಿಮಿಟಿ ಅಲಾರಂ ಇದ್ದರೆ ಹಚ್ಚಿ. ಗುರುತಿನ ಹತ್ತಿರ ಬಂದರೆ ಯಂತ್ರ ಕೂಗುತ್ತದೆ. ಹುಟ್ಟು ಹಾಕುವ ದೋಣಿಗೆ 30 ಮೀಟರ್ ಸಾಕು, ತಾಸಿಗೆ 6 ಕಿ.ಮೀ. ವೇಗದಲ್ಲಿ ಹದಿನೆಂಟು ಸೆಕೆಂಡು ಸಿಗುತ್ತದೆ. ಮೋಟರ್ ಬೋಟು 15 ಕಿ.ಮೀ. ವೇಗದಲ್ಲಿದ್ದರೆ ಅದೇ 30 ಮೀಟರಿಗೆ ಏಳೇ ಸೆಕೆಂಡು. ಅಂಥವರು 50 ಇಟ್ಟುಕೊಳ್ಳಬೇಕು. ಯಂತ್ರದ ತಪ್ಪು ಐದು ಮೀಟರ್ ಇರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂಡಲಸಂಗಮದ ಕಡೆ ದೋಣಿ ನಡೆಸುವವರು ಒಂದು ವಿಷಯ ನೆನಪಿಡಬೇಕು. ಅಲ್ಲಿಯದು ಆಲಮಟ್ಟಿಯ ಹಿನ್ನೀರಲ್ಲ, ಕೆಳಗಿನ ನಾರಾಯಣಪುರದ ಬಸವಸಾಗರದ್ದು. ನೋಡಬೇಕಾದ ಮಟ್ಟ ಆ ಜಲಾಶಯದ್ದು. ಮೇಲೆ ಆಲಮಟ್ಟಿಯ ಗೇಟು ತೆರೆದರೆ ನೀರು ನುಗ್ಗಿ ಬರುವುದೂ ಅಲ್ಲಿಗೇ.

ಇದಕ್ಕೆ ಮಾತ್ರ ಬಳಸಬೇಡಿ

ಜಿಪಿಎಸ್ ಕೈಗೆ ಬಂದೊಡನೆ ಎಲ್ಲವನ್ನೂ ಅಳೆಯುವ ಉಮೇದು ಬರುತ್ತದೆ. ಮೊದಲ ಬಲಿ ಹೊಲದ ಬದು. ಬಾಜೂ ಹೊಲದವರು ಒತ್ತಿದ್ದಾರೆಂದು ತೋರಿಸಲು ಕೈ ಜಿಪಿಎಸ್ ಹಿಡಿದು ಬದುವಿನ ಗುಂಟ ನಡೆದವರನ್ನು ನೋಡಿದ್ದೇನೆ. ನೂರು ಮೀಟರ್ ಉದ್ದದ ಬದುವಿನಲ್ಲಿ ಮೂರು ಮೀಟರ್ ತಪ್ಪಿದರೆ ಮೂರು ಗುಂಟೆ ಹತ್ತಿರ ಹೋಗುತ್ತದೆ. ಮೂರು ಗುಂಟೆಗೆ ತಲೆ ಒಡೆದ ಊರುಗಳಿವೆ. ಅದಕ್ಕೆ ಸರ್ವೆ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಡಿ. ಅವರ ಯಂತ್ರದ ಜಾತಿಯೇ ಬೇರೆ.

ಇನ್ನೊಂದು ಎತ್ತರದ್ದು. ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದಾಗಿನಿಂದ ನಮ್ಮ ಹೊಲ ಮುಳುಗುತ್ತದೋ ಉಳಿಯುತ್ತದೋ ಎಂಬ ಚಿಂತೆ ಹಿನ್ನೀರಿನ ಅಂಚಿನ ಪ್ರತಿ ಮನೆಯಲ್ಲಿದೆ. ಫೋನಿನಲ್ಲಿ ಎತ್ತರ ನೋಡಿ ‘ನಮ್ಮದು 530 ಐತಿ, ಪಾರಾದ್ವಿ’ ಎನ್ನುವವರಿದ್ದಾರೆ. ಆ ಅಂಕಿಗೆ ಬೆಲೆ ಇಲ್ಲ. ಆಚೀಚೆಗಿಂತ ಎತ್ತರದಲ್ಲಿ ಜಿಪಿಎಸ್ ಹೆಚ್ಚು ತಪ್ಪುತ್ತದೆ. ಅದಲ್ಲದೆ ಕೆಲವು ಆ್ಯಪ್‌ಗಳು ಸಮುದ್ರ ಮಟ್ಟದಿಂದ ಅಳೆಯುವುದೇ ಇಲ್ಲ, ಭೂಮಿಯ ಗಣಿತದ ಆಕಾರದಿಂದ ಅಳೆಯುತ್ತವೆ. ನಮ್ಮ ಕಡೆ ಎರಡಕ್ಕೂ ಹತ್ತಾರು ಮೀಟರ್ ಅಂತರವಿದೆ. ಇದಕ್ಕೆ ಸರ್ವೆಯವರ ಲೆವೆಲ್ ಕಲ್ಲೇ ಪ್ರಮಾಣ.

ಸೆಲ್ಲು, ದಾರ, ಬಾಟಲಿ

‘ವಾಟರ್‌ಪ್ರೂಫ್’ ಎಂದು ಬರೆದಿದ್ದರೂ ಬಹಳಷ್ಟು ಯಂತ್ರಗಳ ತಾಕತ್ತು ಒಂದು ಮೀಟರ್ ಆಳದಲ್ಲಿ ಅರ್ಧ ತಾಸು, ಅಷ್ಟೇ. ತೇಲುವ ಮಾಡೆಲ್‌ಗಳು ಕೆಲವೇ, ಉಳಿದವು ಕಲ್ಲಿನಂತೆ ಮುಳುಗುತ್ತವೆ. ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ನೀರಿನ ಬಾಟಲಿ ಕಟ್ಟಿ. ನೋಡುವವರು ನಕ್ಕರೆ ನಗಲಿ. ಸೆಲ್ಲು ಎರಡು ಯಂತ್ರದಲ್ಲಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ. ರೀಚಾರ್ಜ್ ಸೆಲ್ಲು ಹಾಕಿದರೆ ಸೆಟ್ಟಿಂಗ್‌ನಲ್ಲಿ ಹಾಗೆಂದು ತಿಳಿಸಿ, ಇಲ್ಲದಿದ್ದರೆ ಬ್ಯಾಟರಿಯ ಗುರುತು ಸುಳ್ಳು ಹೇಳುತ್ತದೆ. ಮೇ ತಿಂಗಳಲ್ಲಿ ಕಾರಿನ ಗಾಜಿನ ಕೆಳಗೆ ಬಿಟ್ಟು ಹೋಗಬೇಡಿ. ಹಂಗಾಮು ಮುಗಿದ ಮೇಲೆ ಸೆಲ್ಲು ತೆಗೆದಿಡಿ. ನನ್ನ ಮೊದಲ ಯಂತ್ರ ನೀರಿಗೆ ಬಿದ್ದು ಕೆಡಲಿಲ್ಲ, ಕಪಾಟಿನಲ್ಲಿ ಸೆಲ್ಲು ಸೋರಿ ಕೆಟ್ಟಿತು. ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತುವವರಿಗೆ ಮಾತ್ರ ಈ ಲೇಖನದ ಯಾವ ಸಾಲೂ ಉಪಯೋಗವಿಲ್ಲ.

ಬಾಗಲಕೋಟೆಯ ಹೋಳಿ ಬಣ್ಣ ಮುಗಿಯುವ ಹೊತ್ತಿಗೆ ಹಿನ್ನೀರು ಇಳಿಯತೊಡಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಒಂದು ದಿನ, ಬಿಸಿಲೇರುವ ಮುನ್ನ, ನಿಮ್ಮೂರಿನ ಕಾಕಾನಂಥವರೊಬ್ಬರನ್ನು ಕರೆದುಕೊಂಡು ಆ ಬಯಲಿಗೆ ಇಳಿಯಿರಿ. ಅವರ ವಯಸ್ಸಿನವರು ಈಗ ಹೆಚ್ಚು ಜನ ಉಳಿದಿಲ್ಲ.